ನ್ಯಾಮತಿ ಸೇರಿಕೊಳ್ಳದ ಎಂಟು ದಿನ

ನಾಲ್ಕು ಹಳೆಯ ಕಂಪ್ಯೂಟರ್‌ಗಳಿಗೆ ಒಟ್ಟು ಎಂಬತ್ನಾಲ್ಕು ಸಾವಿರ ಕೊಟ್ಟೆ. ಮಾರುವವನು ಒಂದು ಲಕ್ಷದ ಹತ್ತು ಸಾವಿರದಿಂದ ಶುರುಮಾಡಿದ್ದ. ನಾನು ಎರಡು ಸಲ ಚಪ್ಪಲಿ ಮೆಟ್ಟಿಕೊಂಡು ಅವನ ಅಂಗಡಿಯ ಮೆಟ್ಟಿಲು ಇಳಿದೆ. ಎರಡು ಸಲವೂ ಅವನೇ ಕರೆದ. ಒಂದೇ ಹೊಸ ದೊಡ್ಡ ಯಂತ್ರ ತೆಗೆದುಕೊಂಡಿದ್ದರೆ ಇದರ ಮೂರರಷ್ಟು ಆಗುತ್ತಿತ್ತು. ದೊಡ್ಡ ಕೆಲಸವನ್ನು ತುಂಡು ಮಾಡಿ ನಾಲ್ಕು ಸಣ್ಣ ಯಂತ್ರಗಳಿಗೆ ಹಂಚುವ ಸಾಫ್ಟ್‌ವೇರ್ ಇದೆ, ಅದು ಪುಕ್ಕಟೆ ಎಂದು ಗೊತ್ತಾದ ಮೇಲೆ ನಾನು ಹೊಸದನ್ನು ಯಾಕೆ ಕೊಳ್ಳಲಿ? ಪುಕ್ಕಟೆಯದ್ದು ಎಂಟು ದಿನ ತಿಂದಿತು. ಆ ಎಂಟು ದಿನದ ಬೆಲೆಯನ್ನು ಮಾತ್ರ ನನಗೆ ಯಾರ ಜೊತೆಗೂ ಚೌಕಾಸಿ ಮಾಡಲಾಗಲಿಲ್ಲ.

ನನ್ನ ಕಸುಬು ಮೆಕ್ಕೆಜೋಳದ ಮಾದರಿ ನೋಡುವುದು. ಚನ್ನಗಿರಿಯಲ್ಲಿ ನಾನಿರುತ್ತೇನೆ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಒಂದೊಂದು ಮಳಿಗೆ, ಒಬ್ಬೊಬ್ಬರು ಕೆಲಸಕ್ಕೆ. ಮಾರುವ ಮುಂಚೆ ರೈತರು ಒಂದು ಚೀಲ ಕಾಳು ತರುತ್ತಾರೆ. ತೇವ ಅಳೆದು, ಕಾಳನ್ನು ತಟ್ಟೆಯಲ್ಲಿ ಹರವಿ ಫೋಟೊ ತೆಗೆದು, ಒಡೆದದ್ದೆಷ್ಟು, ಬೂಷ್ಟು ಹಿಡಿದದ್ದೆಷ್ಟು ಎಂದು ಚೀಟಿ ಬರೆದುಕೊಡುತ್ತೇವೆ. ಐದು ವರ್ಷದ ಫೋಟೊಗಳು ರಾಶಿ ಬಿದ್ದಿದ್ದವು. ಕೋಳಿ ಆಹಾರ ಮಾಡುವ ಗಿರಣಿಯವರೊಬ್ಬರು, ‘ನಾಲ್ಕೂ ಊರಿನ ಫೋಟೊಗಳನ್ನು ಒಟ್ಟಿಗೆ ಎಣಿಸಿ, ಯಾವ ಕಡೆಯ ಕಾಳು ಹೇಗೆ ಅಂತ ಸೋಮವಾರದೊಳಗೆ ತೋರಿಸಿ, ಪಟ್ಟಿಯಲ್ಲಿರುವ ಊರಿಂದ ಮಾತ್ರ ನಾವು ಮಾಲು ಎತ್ತುವುದು’ ಎಂದಿದ್ದರು. ಗಿರಣಿಯವರು ಪಟ್ಟಿಯಿಂದ ಕೈಬಿಟ್ಟರೆ ನ್ಯಾಮತಿಯ ಮಳಿಗೆಗೆ ಬಾಗಿಲು ಹಾಕಬೇಕಿತ್ತು. ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಸಂಬಳದ ಮೇಲೆ ಅವಳ ಮನೆ ನಿಂತಿತ್ತು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾಲ್ಕೂ ಯಂತ್ರಗಳನ್ನು ಮೊದಲು ಚನ್ನಗಿರಿಯ ನನ್ನ ಮನೆಯ ಪಡಸಾಲೆಯಲ್ಲಿ ಸಾಲಾಗಿಟ್ಟು ಜೋಡಿಸಿದೆ. ಅಣ್ಣತಮ್ಮಂದಿರ ಹಾಗೆ ಕೆಲಸ ಹಂಚಿಕೊಂಡವು. ಆ ಮೂರು ದಿನ ಮನೆಯಲ್ಲಿ ಫ್ಯಾನುಗಳ ಸದ್ದು ತುಂಬಿತ್ತು, ಹಿತವಾಗಿತ್ತು. ಆಮೇಲೆ ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಹೋಗಿ ಒಂದೊಂದನ್ನು ಒಂದೊಂದು ಊರಿಗೆ ಇಟ್ಟು ಬಂದೆ.

ಹೊನ್ನಾಳಿ ಸೇರಿಕೊಂಡಿತು. ಜಗಳೂರು ಸೇರಿಕೊಂಡಿತು. ನ್ಯಾಮತಿ ಮಾತ್ರ ಬಾಗಿಲಿಗೆ ಬರುವುದು, ನನ್ನ ಯಂತ್ರ ಅದನ್ನು ಒಳಗೆ ಬಿಡದೆ ತಳ್ಳುವುದು. ಮತ್ತೆ ಬರುವುದು, ಮತ್ತೆ ತಳ್ಳುವುದು.

ಒಂದು ವಿಷಯ ಹೇಳಲೇಬೇಕು. ಇದಕ್ಕೆ ಮುಂಚೆ ಪ್ರತಿದಿನ ಸಂಜೆ ಐದಕ್ಕೆ ಮೂರೂ ಕಡೆಯಿಂದ ಫೋನ್ ಬರುತ್ತಿತ್ತು. ಅವರು ದಿನದ ಅಂಕಿ ಓದುವರು, ನಾನು ಬರೆದುಕೊಳ್ಳುವೆ. ಅಂಕಿಗೆ ಎರಡು ನಿಮಿಷ, ಉಳಿದ ಮಾತಿಗೆ ಹತ್ತು ನಿಮಿಷ. ಈ ಯಂತ್ರ ಇಟ್ಟ ದಿನ ನಾನೇ ಜಾಣನ ಹಾಗೆ, “ಇನ್ನು ಫೋನ್ ಮಾಡೋದು ಬ್ಯಾಡ, ಎಲ್ಲಾ ತಾನಾಗೇ ಬರ್ತೈತೆ” ಎಂದು ಹೇಳಿ ಬಂದಿದ್ದೆ. ಹಾಗಾಗಿ ಆ ವಾರ ಐದು ಗಂಟೆ ಹೊಡೆದರೂ ಫೋನು ಸುಮ್ಮನೆ ಬಿದ್ದಿರುತ್ತಿತ್ತು. ನಾನು ಪರದೆಯ ಮುಂದೆ ಅವಲಕ್ಕಿ ತಿನ್ನುತ್ತಾ ನ್ಯಾಮತಿ ಬಂದು ಹೋಗುವುದನ್ನು ನೋಡುತ್ತಾ ಕೂರುತ್ತಿದ್ದೆ.

ನಾಲ್ಕನೆಯ ದಿನ ನಾನೇ ಜಗಳೂರಿಗೆ ಫೋನ್ ಮಾಡಿದೆ. ಅಲ್ಲಿರುವವರು ನನಗಿಂತ ಹಿರಿಯರು, ಬಾಯಿ ಜೋರು.

“ನಿಮ್ದು ನೆಟ್ಟಗೈತಾ?” ಎಂದೆ.

“ನಂದು ನೆಟ್ಟಗೇ ಐತ್ರೀ ಯಜಮಾನ್ರೇ. ನಿಮ್ದು ಹೆಂಗೈತೆ ಹೇಳ್ರಿ. ಫೋನ್ ಮಾಡಬ್ಯಾಡ ಅಂದವ್ರು ನೀವೇ ಮಾಡಾಕತ್ತೀರಲ್ಲ!”

“ಕೆಲಸಕ್ಕೆ ಮಾಡಿದ್ದು.”

“ಹೂಂ, ಹೂಂ. ಕೆಲಸಕ್ಕೇ ಅಂತ ನಾನೂ ಬರ್ಕೊಂತೀನಿ.”

ನ್ಯಾಮತಿಯ ಹೆಣ್ಣುಮಗಳಿಗೂ ದಿನಾ ಮಾಡಿದೆ. ವೈರ್ ಬಿಚ್ಚಿ ಹಾಕಿಸಿದೆ, ಇಂಟರ್ನೆಟ್ ಡಬ್ಬಿ ಆರಿಸಿ ಮತ್ತೆ ಹೊತ್ತಿಸಲು ಹೇಳಿದೆ, ಸಾಫ್ಟ್‌ವೇರ್ ಎರಡು ಸಲ ತೆಗೆಸಿ ಮತ್ತೆ ಹಾಕಿಸಿದೆ. ನಾನು ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಕೊನೆಗೆ, “ಸಾರ್, ನನ್ ಕೈಯಿಂದ ಏನಾರ ಕೆಟ್ಟೈತಾ?” ಎಂದಳು. ನಾನು ಇಲ್ಲ ಎನ್ನಲಿಲ್ಲ. ಅವಳು ಏನೋ ಒತ್ತಿ ಕೆಡಿಸಿದ್ದಾಳೆ ಎಂದೇ ನನ್ನ ಮನಸ್ಸಿನಲ್ಲಿತ್ತು.

ಯಂತ್ರ ತಾನು ಮಾಡಿದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಸಾಲುಸಾಲಾಗಿ ಬರೆದಿಡುತ್ತದೆ. ನ್ಯಾಮತಿಯ ಸಾಲುಗಳನ್ನು ತರಿಸಿ ಓದಿದೆ. ಹೊತ್ತು ಸರಿಯಿದೆಯೇ ಎಂದು ಕೂಡ ನೋಡಿದೆ, ಸುಳ್ಳು ಹೇಳುವುದಿಲ್ಲ. ಆಗಷ್ಟೇ ಬಂದ ಕೊನೆಯ ಸಾಲಿನಲ್ಲಿ ಹನ್ನೊಂದು ಐವತ್ತೆರಡು ಎಂದಿತ್ತು. ತಲೆಯೆತ್ತಿ ಮನೆಯ ಗೋಡೆ ಗಡಿಯಾರ ನೋಡಿದೆ: ಹನ್ನೊಂದು ಐವತ್ತು, ಚೂರು ಮೇಲೆ. ಸರಿಯಿದೆ ಎಂದುಕೊಂಡು ಬೇರೆ ಕಡೆ ಹುಡುಕಿದೆ.

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಮಳಿಗೆ ಮುಚ್ಚುವ ಮಾತನ್ನು ಅವಳಿಗೆ ಹೇಗೆ ಹೇಳುವುದೆಂದು ಜೋಡಿಸಿಕೊಳ್ಳುತ್ತಿದ್ದೆ.

ನಾನು ಒಳಗೆ ಹೋದಾಗ ಅವಳು ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿ ಎದ್ದು ನಿಂತಿದ್ದಳು. ನನ್ನ ಮೊಬೈಲಿನಲ್ಲಿ ಐದು ಗಂಟೆ ಎಂಟು ನಿಮಿಷ. “ಇಷ್ಟು ಜಲ್ದಿ ಹೊಂಟ್ಯಾ?” ಎಂದೆ.

“ಐದು ಇಪ್ಪತ್ತಾತು ಸಾರ್, ಬಸ್ ಬರ್ತೈತೆ” ಎಂದು ಪರದೆಯ ಮೂಲೆ ತೋರಿಸಿದಳು.

ನಾನು ಮೊಬೈಲು ನೋಡಿದೆ, ಪರದೆ ನೋಡಿದೆ. “ಇದು ಹನ್ನೆರಡು ನಿಮಿಷ ಮುಂದೈತಲ್ಲಮ್ಮ! ಯಾರು ಮಾಡಿದ್ದು?”

“ನೀವೇ ಹೇಳಿದ್ರಲ್ಲ ಸಾರ್. ಹೋದ ವರ್ಷ ಎರಡು ಸಲ ಬಸ್ ತಪ್ಪಿದಾಗ, ‘ಗಡಿಯಾರ ಹತ್ತು ನಿಮಿಷ ಮುಂದಿಟ್ಕೋ, ನಮ್ಮನೇಲೂ ಹಂಗೇ ಇಟ್ಟೀವಿ’ ಅಂದ್ರಿ. ಹಳೇದ್ರಲ್ಲೂ ಹಂಗೇ ಇತ್ತು. ಹೊಸದು ಬಂದ ದಿನಾನೇ ಇದಕ್ಕೂ ಇಟ್ಟೆ. ಎರಡು ನಿಮಿಷ ಮಾತ್ರ ನಂದು, ಸ್ಟ್ಯಾಂಡಿಗೆ ನಡ್ಯಾಕೆ.”

ನಾನು ಕುರ್ಚಿಯ ಮೇಲೆ ಕುಳಿತೆ. ಈ ಯಂತ್ರಗಳು ಒಂದಕ್ಕೊಂದು ಗುರುತಿನ ಚೀಟಿ ತೋರಿಸುತ್ತವೆ. ಚೀಟಿಯ ಮೇಲೆ ಹೊತ್ತು ಇರುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ, ಇದು ಯಾರೋ ಕಳ್ಳ ಎಂದು ಹೊರಗೆ ನಿಲ್ಲಿಸುತ್ತವೆ. ನ್ಯಾಮತಿ ಎಂಟು ದಿನದಿಂದ ಬಾಗಿಲಲ್ಲಿ ನಿಂತದ್ದು ನನ್ನ ಬುದ್ಧಿವಾದದಿಂದ. ನನ್ನ ಮನೆಯ ಗೋಡೆ ಗಡಿಯಾರವೂ ಹತ್ತು ನಿಮಿಷ ಮುಂದಿದ್ದರಿಂದ ಆವತ್ತು ಹೊತ್ತು ಸರಿಯಾಗಿ ಕಂಡಿತ್ತು.

ಹೊತ್ತು ಸರಿಮಾಡಿ, ಇಂಟರ್ನೆಟ್ಟಿನಿಂದ ತಾನಾಗಿ ಸಮಯ ತೆಗೆದುಕೊಳ್ಳುವ ಹಾಗೆ ಇಟ್ಟೆ. ಒಂದು ನಿಮಿಷವೂ ಆಗಲಿಲ್ಲ, ನ್ಯಾಮತಿ ಸೇರಿಕೊಂಡಿತು.

“ಹಂಗಾರೆ ಅಂಗಡಿ ಇರ್ತೈತಾ ಸಾರ್?”

“ಇರ್ತೈತೆ. ನಿನ್ನ ತಪ್ಪು ಅಂದ್ಕೊಂಡಿದ್ದೆ ಕಣಮ್ಮ.”

“ಗೊತ್ತಿತ್ತು ಬಿಡ್ರಿ. ಈಗ ನಾ ಬಸ್ಸಿಗೆ ಟೈಮ್ ಹೆಂಗೆ ನೋಡ್ಲಿ, ಅದು ಹೇಳ್ರಿ.”

ಅವಳು ಬಸ್ಸಿಗೆ ಓಡಿದ ಮೇಲೆ ನಾನು ಪೇಟೆಗೆ ಹೋಗಿ, ಇನ್ನೂರೈವತ್ತು ಹೇಳಿದ ಗೋಡೆ ಗಡಿಯಾರವನ್ನು ನೂರೆಂಬತ್ತಕ್ಕೆ ತಂದು, ಹನ್ನೆರಡು ನಿಮಿಷ ಮುಂದಿಟ್ಟು, ಅವಳ ಕುರ್ಚಿಯ ಎದುರಿಗೆ ಮೊಳೆ ಹೊಡೆದು ತೂಗುಹಾಕಿ ಬಂದೆ.

ಭಾನುವಾರವಿಡೀ ನಾಲ್ಕೂ ಊರು ಎಣಿಸಿದವು. ಸೋಮವಾರ ಗಿರಣಿಯವರು ನ್ಯಾಮತಿಯನ್ನೂ ಪಟ್ಟಿಯಲ್ಲಿ ಉಳಿಸಿಕೊಂಡರು. ಸಂಜೆ ಐದಕ್ಕೆ ಅಂಕಿಗಳು ತಾವಾಗಿಯೇ ಬಂದು ಪರದೆಯ ಮೇಲೆ ಕುಳಿತವು, ಒಂದೂ ತಪ್ಪಿಲ್ಲ. ಫೋನು ಬರಲಿಲ್ಲ. ಮಧ್ಯಾಹ್ನ ಉಂಡ್ರಾ, ಇಲ್ಲಾ ಮತ್ತೆ ಚಾ ಕುಡಿದೇ ಬಿಟ್ರಾ ಎಂದು ನ್ಯಾಮತಿಯಿಂದ ಕೇಳುವ ಹೊತ್ತು ಅದು. ಮನೆಯ ಗಡಿಯಾರವನ್ನು ಸರಿಮಾಡೋಣವೆಂದು ಸ್ಟೂಲ್ ಹತ್ತಿದೆ. ಅದನ್ನು ಮುಂದಿಟ್ಟವಳು ನನ್ನ ಹೆಂಡತಿ. ನಾನು ಎಲ್ಲಿಗೂ ತಡಮಾಡಿ ಹೊರಡುವವನೆಂದು. ಅವಳು ತೀರಿಹೋಗಿ ಮೂರು ವರ್ಷವಾಯಿತು. ಧೂಳು ಒರೆಸಿ, ಮುಳ್ಳನ್ನು ಮುಟ್ಟದೆ ಇಳಿದೆ. ಮಾರನೆಯ ದಿನ ಮೂರೂ ಮಳಿಗೆಗೆ ಹೇಳಿದೆ: ಐದಕ್ಕೆ ಫೋನ್ ಮಾಡಿ, ಅಂಕಿ ಓದಿ. ಜಗಳೂರಿನವರು, “ಯಂತ್ರ ಹೇಳಲ್ವೇನ್ರೀ?” ಎಂದರು. “ತಾಳೆ ನೋಡಾಕೆ” ಎಂದೆ. ನಕ್ಕರು, ಆದರೆ ಮಾಡುತ್ತಿದ್ದಾರೆ.

ನೀವೂ ಇಂಥದ್ದಕ್ಕೆ ಕೈಹಾಕುವವರಾದರೆ, ವೈರು ಬಿಚ್ಚುವ ಮುಂಚೆ ಎಲ್ಲ ಯಂತ್ರಗಳ ಹೊತ್ತು ನೋಡಿ. ಮೊಬೈಲಿನ ಪಕ್ಕದಲ್ಲಿಟ್ಟು ನೋಡಿ, ಗೋಡೆ ಗಡಿಯಾರದ ಪಕ್ಕದಲ್ಲಲ್ಲ. ನಮ್ಮ ಕಡೆ ಯಾವ ಮನೆಯ ಗಡಿಯಾರವೂ ನಿಜ ಹೇಳುವುದಿಲ್ಲ. ದೋಷದ ಸಾಲುಗಳಲ್ಲಿ ಕೊನೆಯದನ್ನಲ್ಲ, ಮೊದಲನೆಯದನ್ನು ಓದಿ, ಯಾಕೆ ತಳ್ಳಿದೆ ಎಂಬುದು ಅಲ್ಲಿರುತ್ತದೆ. ಕೆಲಸದವರನ್ನು ಅನುಮಾನಿಸುವ ಮುಂಚೆ ಅವರ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ. ಹಳೆಯ ಯಂತ್ರ ಕೊಳ್ಳುವಾಗ ಚಪ್ಪಲಿ ಮೆಟ್ಟಿಕೊಂಡು ಇಳಿಯಿರಿ, ಕರೆಯುತ್ತಾರೆ. ಯಂತ್ರ ಎಲ್ಲ ಹೇಳುತ್ತದೆಂದು ಫೋನು ಮಾತ್ರ ನಿಲ್ಲಿಸಬೇಡಿ. ಅದಕ್ಕೆ ಏನೂ ಖರ್ಚಿಲ್ಲ. ಹೇಗೂ ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸಿಯೇ ಇರುತ್ತೀರಿ.