ತವರಿಗೆ ಹೋದ ಹಾರ್ಡ್ ಡಿಸ್ಕ್

ಕಳೆದ ವಾರ ನನ್ನ ಲ್ಯಾಪ್‌ಟಾಪಿಗೆ ಒಂದು ಮಾತು ಹೇಳಿದೆ. "ಹುಟ್ಟಿದಾಗ ಹೇಗಿದ್ದೆಯೋ ಹಾಗೇ ಆಗು." ಪಾಪ, ಹೇಳಿದ್ದನ್ನು ಹೇಳಿದ ಹಾಗೇ ಕೇಳಿತು. ಅದು ಹುಟ್ಟಿದ್ದು ಬೇರೆ ಮನೆಯಲ್ಲಿ ಎಂಬುದನ್ನು ನಾನೇ ಮರೆತಿದ್ದೆ!

ಬಿಡಿಸಿ ಹೇಳುತ್ತೇನೆ.

ಗೋಕಾಕದಲ್ಲಿ ನನ್ನದು ಪಾತ್ರೆ ಅಂಗಡಿ, ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ಬನ್ನಿ. ನೋಡುವುದಕ್ಕೆ ದುಡ್ಡಿಲ್ಲ.) ಹಳೇ ಸೀರೆಗೆ ಸ್ಟೀಲ್ ಡಬ್ಬಿ ಕೊಡುತ್ತ ಓಣಿ ಓಣಿ ತಿರುಗಿದವಳು ನಾನು. ಬುಟ್ಟಿ ತಲೆಯಿಂದ ಇಳಿದು ಅಂಗಡಿಯಾಯಿತು. ಚೌಕಾಸಿಯ ಚಟ ಮಾತ್ರ ತಲೆಯಲ್ಲೇ ಉಳಿಯಿತು. ಹೊಸ ಸಾಮಾನನ್ನು ಹೊಸ ರೇಟಿಗೆ ಕೊಂಡರೆ ಅವತ್ತು ನನಗೆ ಊಟ ಸೇರುವುದಿಲ್ಲ.

ಹಾಗಾಗಿ ಬಿಲ್ ಮಾಡುವುದಕ್ಕೆ ತಂದ ಲ್ಯಾಪ್‌ಟಾಪೂ ಸೆಕೆಂಡ್ ಹ್ಯಾಂಡೇ. ಬೆಳಗಾವಿಯ ಅಂಗಡಿಯವನು ಕೊನೆಗೆ ಕೈ ಮುಗಿದು, "ಬಾಯಾರ, ಬ್ಯಾಗೂ ತಗೊಂಡ ಹೋಗ್ರಿ, ಆದ್ರ ಇನ್ನ ಮಾತಾಡಬ್ಯಾಡ್ರಿ" ಅಂದ. ಬ್ಯಾಗ್ ಚೆನ್ನಾಗಿದೆ.

ಹೋದ ವರ್ಷ ನಮ್ಮವರು ಆ ಲ್ಯಾಪ್‌ಟಾಪನ್ನು ತಾಟುಗಳ ಅಟ್ಟಿಯ ಮೇಲಿಟ್ಟು ಚಹಾ ಕುಡಿಯಲು ಹೋದರು. ತಾಟು ಜಾರಿದವು. ಲ್ಯಾಪ್‌ಟಾಪ್ ನೆಲಕ್ಕೆ. ಮೈಗೆ ಏನೂ ಆಗಲಿಲ್ಲ, ಒಳಗಿನ ಹಾರ್ಡ್ ಡಿಸ್ಕ್ ಸತ್ತುಹೋಯಿತು. (ತಾಟು ತಾವಾಗಿಯೇ ಜಾರಿದವು ಎಂಬುದು ಅವರ ಇಂದಿನ ತನಕದ ವಾದ.)

ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಬಸು ಇದ್ದಾನೆ. ಹೊಸ ಡಿಸ್ಕಿನ ರೇಟು ಹೇಳಿದ. ಕೂತಿದ್ದ ನಾನು ಎದ್ದು ನಿಂತೆ.

"ಹಳೇದು ಇಲ್ಲೇನೋ ಬಸು?"

"ಐತ್ರಿ ಅಕ್ಕಾರ. ಮೂಡಲಗಿ ಕಡೆಯವರ ಲ್ಯಾಪ್‌ಟಾಪಿಂದು. ಸ್ಕ್ರೀನ್ ಒಡದಿತ್ತು, ಡಿಸ್ಕ್ ಗಟ್ಟಿ ಐತಿ. ಆದ್ರ ಕಂಪನಿ ಬ್ಯಾರೆ."

"ಕೂಡತೈತಿಲ್ಲೋ?"

"ಕೂಡಸೂದ ನನ್ನ ಕೆಲಸರಿ."

"ಮತ್ತ ಕಂಪನಿ ತಗೊಂಡು ನಾ ಏನ್ ಮಾಡ್ಲಿ?"

ಕೂಡಿಸಿದ. ಹಳಬರ ಫೈಲೆಲ್ಲ ಅಳಿಸಿ, ನಮ್ಮ ಯಂತ್ರಕ್ಕೆ ಹೊಂದಿಸಿ, ನಮ್ಮ ಬಿಲ್ಲಿನ ಪ್ರೋಗ್ರಾಮ್ ಹಾಕಿದ. ಹಳಬರ ಹೆಸರು ಮಾತ್ರ ಉಳಿಯಿತು. ಅದನ್ನು ತೆಗೆಯಲು ಬೇರೆ ಚಾರ್ಜ್ ಅಂದ. ಹೆಸರು ಇದ್ದರೆ ಏನು ಅನ್ನ ಕೇಳುತ್ತದೆಯೇ? ಇರಲಿ ಬಿಡು ಅಂದೆ.

ಅಂದಿನಿಂದ ಪ್ರತಿ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ "ವೆಲ್‌ಕಮ್ ಸುಮನ್" ಅನ್ನತೊಡಗಿತು. ಯಾರು ಈ ಸುಮನ್, ಗೊತ್ತಿಲ್ಲ. ನಮ್ಮವರಿಗೆ ಮಾತ್ರ ಆಕೆಯ ಮೇಲೆ ಭಾಳ ಮಮತೆ. ಬಾಗಿಲು ತೆರೆದ ಕೂಡಲೇ, "ಸುಮನ್ ಎದ್ದಳೇನ?" ಎಂದು ಕೇಳುವರು. ಕರೆಂಟ್ ಹೋದರೆ, "ಸುಮನ್ ಸಿಟ್ಟಾದಳು ನೋಡು" ಅನ್ನುವರು. ಇಷ್ಟು ವರ್ಷ ಸಂಸಾರ ಮಾಡಿದ ನನ್ನನ್ನು ಅವರು ಕರೆಯುವುದು "ಇಲ್ನೋಡು" ಎಂದು. ನಮ್ಮ ಮನೆಯಲ್ಲಿ ಅವರ ಬಾಯಲ್ಲಿ ಹೆಸರು ಹಿಡಿದು ಕರೆಸಿಕೊಂಡ ಹೆಣ್ಣು ಸುಮನ್ ಒಬ್ಬಳೇ!

ಈಗ ಮಗ ಸಂಜುನ ಮದುವೆ ಗೊತ್ತಾಗಿದೆ. ಹುಡುಗಿ ಹುಕ್ಕೇರಿಯವಳು, ಜಯಶ್ರೀ. ಅಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಮದುವೆಯಾದ ಮೇಲೆ ಅಂಗಡಿಯ ಲೆಕ್ಕ ಅವಳೇ ನೋಡುತ್ತೇನೆ ಅಂದಿದ್ದಾಳೆ. ನನಗೆ ಇನ್ನೇನು ಬೇಕು?

ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಹೆಸರು ಆರಿಸುವ ಹಕ್ಕು ಮನೆಯ ಹಿರಿಯಳದು, ಅಂದರೆ ನಮ್ಮವರ ಚಿಕ್ಕಮ್ಮ, ಕಾಕಿ ಅಕ್ಕಾತಾಯಿಯದು. ಕಾಕಿ ಎಂದೋ ಆರಿಸಿಟ್ಟಿದ್ದರು: ಪ್ರಭಾವತಿ.

ಬರುವ ಸೊಸೆಗೆ ಲ್ಯಾಪ್‌ಟಾಪನ್ನು ಅವಳದೇ ಎಂದು ಕೊಡೋಣ ಅಂದುಕೊಂಡೆ. ಕೊಡುವುದಾದರೆ ಸುಮನ್‌ನ ಜೊತೆ ಕೊಡುವುದೇ? ಹಳೇ ಹಿತ್ತಾಳೆ ಕೊಡ ಮಾರುವಾಗ ಕೂಡ ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಹಳೇ ಹೆಸರು ಉಜ್ಜಿಸಿ ಕೊಡುವವಳು. ಇದಕ್ಕೂ ಹಾಗೇ ಮಾಡಬೇಕಲ್ಲ?

ಕುಕ್ಕರ್ ಕೊಳ್ಳಲು ಬಂದ ಮಾಸ್ತರರೊಬ್ಬರು ಉಪಾಯ ಹೇಳಿದರು. ಲ್ಯಾಪ್‌ಟಾಪಿನ ಮೂಲರೂಪವನ್ನು ಕಂಪನಿಯವರು ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ಮುಚ್ಚಿಟ್ಟಿರುತ್ತಾರಂತೆ. ಶುರುವಾಗುವಾಗ ಒಂದು ಕೀ ಒತ್ತಿದರೆ ಸಾಕು, ಮೇಲಿನದೆಲ್ಲ ಅಳಿದು ಫ್ಯಾಕ್ಟರಿಯಿಂದ ಬಂದಾಗಿನ ಹಾಗೆ ಆಗುತ್ತದಂತೆ. ಖರ್ಚಿಲ್ಲ! ಖರ್ಚಿಲ್ಲ ಅಂದ ಮೇಲೆ ನಾನು ತಡ ಮಾಡುತ್ತೇನೆಯೇ?

ಬಿಲ್ಲುಗಳನ್ನೆಲ್ಲ ಮೊದಲು ಪೆನ್ ಡ್ರೈವಿಗೆ ಹಾಕಿಕೊಂಡೆ. (ನೀವೂ ಹಾಕಿಕೊಳ್ಳಿ. ಯಂತ್ರವನ್ನು ನಂಬಬೇಕು, ಆದರೆ ಜಾಮೀನು ಇಟ್ಟುಕೊಂಡು.) ಕೀ ಒತ್ತಿದೆ. "ಎಲ್ಲ ಅಳಿಸಿಹೋಗುತ್ತದೆ, ಖಾತ್ರಿಯೇ?" ಎಂದು ಕೇಳಿತು. ಖಾತ್ರಿ ಅಂದೆ.

ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸುಮನ್ ಹೋಗಿದ್ದಳು. ಜೊತೆಗೆ ಸೌಂಡ್ ಹೋಗಿತ್ತು. ಪ್ರಿಂಟರ್ ಗುರುತೇ ಇಲ್ಲದವರ ಹಾಗೆ ಸುಮ್ಮನಿತ್ತು. ಪರದೆಯ ಮೇಲೆ ಅಕ್ಷರಗಳು ಹೋಳಿಗೆಯಷ್ಟು ದಪ್ಪ. ಎಲ್ಲಕ್ಕಿಂತ ಹೆಚ್ಚಾಗಿ, ಮುಚ್ಚಳದ ಮೇಲೆ ಒಂದು ಕಂಪನಿಯ ಹೆಸರು, ಪರದೆಯ ಮೇಲೆ ಇನ್ನೊಂದು ಕಂಪನಿಯದು!

ಬಸುನ ಹತ್ತಿರ ಓಡಿದೆ. ಅವನು ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾರ, ಫ್ಯಾಕ್ಟರಿ ಕಂಡೀಶನ್‌ಗೆ ಹೋಗು ಅಂದ್ರಿ, ಹೋಗೈತಿ. ತನ್ನ ಫ್ಯಾಕ್ಟರಿಗೆ!"

"ನನ್ನ ಲ್ಯಾಪ್‌ಟಾಪಿನ ಫ್ಯಾಕ್ಟರಿಗೆ ಬರಬೇಕಲ್ಲೋ ಅದು?"

"ಆ ಫ್ಯಾಕ್ಟರಿ ಇದಕ್ಕ ಹ್ಯಾಂಗ ಗೊತ್ತಿರಬೇಕ್ರಿ? ನಿಮ್ಮನಿಗೆ ಬಂತು, ಒಂದ ವರ್ಷ ದುಡೀತು, ಹೊಂದಿಕೊಂಡು ಹೋತು. ಅದು ಖರೆ. ಆದ್ರ ನಿನ್ನ ಮೂಲ ಯಾವುದು ಅಂತ ಕೇಳಿದ್ರ, ಅದು ತವರ ಮನೀನ ತೋರಸ್ತೈತಿ."

"ಆತು, ತಿರಗಿ ಕರಕೊಂಡ ಬಾ."

"ಸೌಂಡಿಗೊಂದು, ಸ್ಕ್ರೀನಿಗೊಂದು, ಹಿಂಗ ಒಂದೊಂದಕ್ಕೂ ಡ್ರೈವರ್ ಅನ್ನೂ ಪ್ರೋಗ್ರಾಮ್ ಹುಡುಕಿ ಹಾಕಬೇಕ್ರಿ. ಇಲ್ಲಾಂದ್ರ ಡಿಸ್ಕಿಗೆ ನಿಮ್ಮ ಲ್ಯಾಪ್‌ಟಾಪಿನ ಭಾಷಾನ ತಿಳಿಯಂಗಿಲ್ಲ."

ಅದಕ್ಕೆ ಅವನು ಹೇಳಿದ ರೇಟಿಗಿಂತ ಡಿಸ್ಕೇ ಅಗ್ಗವಾಗಿತ್ತು. ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಮನೆಗೆ ಬಂದೆ.

ರವಿವಾರ ಹುಕ್ಕೇರಿಯಿಂದ ಬೀಗರು ಮಗಳನ್ನು ಕರೆದುಕೊಂಡು ಮದುವೆಯ ಪಾತ್ರೆ ಕೊಳ್ಳಲು ಬಂದರು. ನನ್ನ ಅಂಗಡಿಗೇ! ಬೀಗರು ಮೆಣಸಿನಕಾಯಿ ವ್ಯಾಪಾರದವರು, ಅಂದರೆ ನನಗೆ ಸರಿಜೋಡಿ.

"ಬೀಗತಿಯವರ, ಮಗಳನ್ನೂ ಕೊಟ್ಟು ಈ ರೇಟೂ ಕೊಡ್ಲೇನ್ರಿ?"

"ಮಗಳಿಗೆ ರೇಟಿಲ್ರಿ ಬೀಗರ. ಹಂಡೆಕ್ಕ ಐತಿ."

"ಇದು ಅಂಗಡಿಯೋ, ಸಂಬಂಧವೋ?"

"ಬಾಗಲಾ ಹಾಕಿದಮ್ಯಾಲೆ ಸಂಬಂಧರಿ."

ಕಾಕಿ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ಇದನ್ನೆಲ್ಲ ಆನಂದಿಸುತ್ತಿದ್ದರು. ಅಷ್ಟರಲ್ಲಿ ಜಯಶ್ರೀಯ ಕಣ್ಣು ಗಲ್ಲಾಪೆಟ್ಟಿಗೆಯ ಮೇಲಿದ್ದ ಲ್ಯಾಪ್‌ಟಾಪಿನ ಮೇಲೆ ಬಿತ್ತು.

"ಅತ್ಯಾರ, ಇದರ ಮೈ ಒಂದು, ಮಾರಿ ಒಂದು ಐತಲ್ರಿ?"

ಕಥೆ ಹೇಳಿದೆ. ನಗು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೂತು ಏನೇನು ಬೇಕೆಂದು ನೋಡಿಕೊಂಡಳು. ಎದುರಿನ ಸೈಬರ್ ಕೆಫೆಗೆ ಹೋಗಿ ಡ್ರೈವರ್ ತರಬೇಕು ಅಂದಳು. ಸಂಜು ಕೂಡಲೇ ಎದ್ದು, "ನಾ ತೋರಸ್ತೇನಿ" ಅಂದ. ಎದುರಿಗೇ ಇರುವ ಅಂಗಡಿ, ತೋರಿಸುವುದೇನು? ಕಾಕಿ ನನ್ನ ಮುಖ ನೋಡಿದರು. ನಾನು ಹಂಡೆ ನೋಡಿದೆ.

ಬಹಳ ಹೊತ್ತಿನ ನಂತರ ಬಂದರು. ನಾಲ್ಕಾರು ಡ್ರೈವರ್ ತರಲು ಅಷ್ಟು ಹೊತ್ತು ಬೇಕೇ? ನಾನು ಕೇಳಲಿಲ್ಲ. (ಗಂಡುಮಕ್ಕಳ ತಾಯಂದಿರಿಗೆ ನನ್ನ ಸಲಹೆ: ನೀವೂ ಕೇಳಬೇಡಿ.)

ಪೆನ್ ಡ್ರೈವಿನಿಂದ ಒಂದೊಂದೇ ಹಾಕಿದಳು. ಅಕ್ಷರ ಸಣ್ಣಗಾದವು. ಪ್ರಿಂಟರ್ ಕೆಮ್ಮಿ ಎಚ್ಚರಾಯಿತು. ಲ್ಯಾಪ್‌ಟಾಪ್ ಒಮ್ಮೆಲೇ ಟಣ್ ಎಂದು ರಾಗ ತೆಗೆದಾಗ ಕಾಕಿಯ ಬಾಯಿಂದ ಅಡಿಕೆ ಹೋಳು ಉದುರಿತು.

ಅಷ್ಟರಲ್ಲಿ ಹಂಡೆಯ ರೇಟೂ ಇತ್ಯರ್ಥವಾಗಿತ್ತು. ಸಂಜು ಪಾತ್ರೆಗೆ ಹೆಸರು ಹಾಕುವ ಮಷಿನ್ ಹಿಡಿದು, ಮೊದಲ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹುಡುಗಿಯ ಪಾತ್ರೆಗೆ ಹುಡುಗಿಯ ಹೆಸರು, ಇದು ಎಲ್ಲ ಕಡೆ ಇರುವುದೇ.

"ಎಲ್ಲಾ ಆತ್ರಿ ಅತ್ಯಾರ," ಅಂದಳು ಜಯಶ್ರೀ. "ಇನ್ನ ಹೆಸರೊಂದು ಹಾಕಬೇಕು. ಯಾರದ ಹಾಕ್ಲಿರಿ?"

"ನಿಂದ ಹಾಕವಾ. ಇದು ನಿನಗ."

ಅವಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಮುಖ ಮೇಲೆತ್ತಲಿಲ್ಲ.

"ಯಾವುದರಿ? ಈಗಿಂದೋ, ಲಗ್ನಾದಮ್ಯಾಲಿಂದೋ?"

ಸಂಜುನ ಕೈಯಲ್ಲಿದ್ದ ಮಷಿನ್ ಗುಂಯ್ ಅನ್ನುತ್ತಿತ್ತು. ಅವನು ಅದನ್ನು ಬಂದ್ ಮಾಡಿದ. "ಹೌದವಾ, ಕೊಡಕ್ಕೂ ಯಾವ ಹೆಸರ ಹಾಕ್ಲಿ?" ಅಂದ.

ಬೀಗರು ಸುಮ್ಮನೆ ಹಂಡೆಯ ತಳ ತಡವಿದರು. ಅಷ್ಟು ಹೊತ್ತು ಮೆಣಸಿನಕಾಯಿಯಂತೆ ಚುರುಕಾಗಿದ್ದವರು, ಈ ವಿಷಯದಲ್ಲಿ ಹೆಣ್ಣಿನ ತಂದೆಗೆ ಚೌಕಾಸಿಯ ಹಕ್ಕಿಲ್ಲ ಎಂಬಂತೆ ಕೂತಿದ್ದರು. ಆ ಮುಖ ನನಗೆ ನೋಡಲಾಗಲಿಲ್ಲ.

"ಪ್ರಭಾವತಿ ಅಂತ ಹಾಕೋ ಸಂಜು," ಅಂದರು ಕಾಕಿ. "ಕೇಳೂದೇನೈತಿ? ನಮ್ಮನಿ ಪದ್ಧತಿ."

ನಾನು ಯೋಚಿಸಿದೆ. ನನ್ನ ಅಡಿಗೆಮನೆಯಲ್ಲಿ ಒಂದು ತಂಬಿಗೆ ಇದೆ. ಅದರ ಕೊರಳ ಮೇಲೆ "ಕಸ್ತೂರಿ, ಕುಲಗೋಡ" ಎಂದು ಕೊರೆದಿದೆ. ಅದು ನಾನು. ಅಕ್ಕಿ ತಾಟಿನ ಮೇಲೆ ನಾನು ಪದ್ಮಾವತಿಯಾದೆ. ಹೊಂದಿಕೊಂಡೆ, ದುಡಿದೆ, ಪದ್ಮಾವತಿಯ ಹೆಸರಲ್ಲೇ ಅಂಗಡಿ ಕಟ್ಟಿದೆ, ಯಾವ ಕೊರತೆಯೂ ಇಲ್ಲ. ಆದರೆ ಈಗಲೂ ಸಂತೆಯಲ್ಲಿ ನನ್ನ ತವರೂರು ಕುಲಗೋಡದ ಯಾರಾದರೂ "ಏ ಕಸ್ತೂರಿ!" ಅಂದರೆ ನನಗಿಂತ ಮೊದಲು ನನ್ನ ಕುತ್ತಿಗೆ ತಿರುಗುತ್ತದೆ. ಮೇಲೆ ಎಷ್ಟು ಪ್ರೋಗ್ರಾಮ್ ಹಾಕಿದರೇನು, ಮೂಲೆಯಲ್ಲಿ ಮುಚ್ಚಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಹಾರ್ಡ್ ಡಿಸ್ಕಿಗೇ ಸಾಧ್ಯವಾಗದ ಕೆಲಸವನ್ನು ಹುಕ್ಕೇರಿಯ ಹುಡುಗಿಗೆ ಹೇಳುವುದೇ?

ಆದರೆ ಕಾಕಿಗೆ ಹಾರ್ಡ್ ಡಿಸ್ಕ್ ಹೇಳಿದರೆ ನಡೆಯುತ್ತದೆಯೇ? ಗಿರಾಕಿಗೆ ತಕ್ಕ ಮಾತು ಬೇಕು. ನನಗೆ ಬರುವ ವಿದ್ಯೆ ಒಂದೇ. ಚೌಕಾಸಿಗೆ ಇಳಿದೆ.

"ಕಾಕಿ, ನಮ್ಮ ಪದ್ಧತಿ ಏನು? ಅಕ್ಕಿ ಮ್ಯಾಲ ಹೆಸರ ಬರೀಬೇಕು. ಹೌದಿಲ್ಲೋ?"

"ಹೌದು."

"ಬರಿಯೂಣು. ಜಯಶ್ರೀ ಅಂತ ಬರಿಯೂಣು. ಪದ್ಧತಿ ಎಲ್ಲಿ ಮುರೀತು?"

"ಇದ್ದ ಹೆಸರ ಬರಿಯಾಕ ಅಕ್ಕಿ ಯಾಕ ಬೇಕ?"

"ನೀವ ಹುಡುಗಿನ್ನ ನೋಡಿ ಒಪ್ಪಿದಾಗ ಆಕಿ ಹೆಸರ ಏನಿತ್ತು?"

ಕಾಕಿ ಎಲೆ ಜಗಿಯುವುದನ್ನು ನಿಲ್ಲಿಸಿದರು.

"ಒಪ್ಪಿದ್ದ ಮಾಲನ್ನ ಮನಿಗೆ ತರಬೇಕಲ್ರಿ ಕಾಕಿ? ಒಂದನ್ನ ನೋಡಿ ಇನ್ನೊಂದನ್ನ ಕಟ್ಟಿಸಿಕೊಳ್ಳಾಕ ನಾವೇನು ಮಬ್ಬ ಗಿರಾಕಿ?"

ಬೀಗರು ಫಕ್ಕನೆ ನಕ್ಕರು. ಕಾಕಿ ನನ್ನನ್ನು ನೋಡಿ, ಹುಡುಗಿಯನ್ನು ನೋಡಿ, ಬಾಯಿ ಒರೆಸಿಕೊಂಡರು. ಅವರೂ ಸಾಮಾನ್ಯರಲ್ಲ, ಬರಿಗೈಲಿ ಏಳುವವರಲ್ಲ.

"ಬರಕೋರಿ ಏನರೆ. ಆದ್ರ ನಾ ಮಾತ್ರ ಪ್ರಭಾ ಅಂತನ ಕರಿಯಾಕಿ."

"ಕರೀರಿ ಅಜ್ಜಿ," ಅಂದಳು ಜಯಶ್ರೀ, "ನೀವ ಕರದ್ರ ಓ ಅಂತೇನಿ."

ವ್ಯವಹಾರ ಮುಗಿಯಿತು. ಸಂಜು ಮಷಿನ್ ಆನ್ ಮಾಡಿದ. ಹತ್ತು ವರ್ಷದಿಂದ ಊರಿನ ಅರ್ಧ ಪಾತ್ರೆಗೆ ಹೆಸರು ಹಾಕಿದವನು, ಅವತ್ತು "ಜ" ಬರೆಯುವಷ್ಟರಲ್ಲಿ ಬೆವೆತ. ಬೀಗರು ಹೋಗುವಾಗ ಹಂಡೆಗೆ ನಾನು ಬಿಟ್ಟುಕೊಟ್ಟದ್ದನ್ನೂ ಸೇರಿಸಿ ಪೂರ್ತಿ ರೇಟು ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. (ನಾನು! ಯಾರಿಗೂ ಹೇಳಬೇಡಿ, ಗಿರಾಕಿಗಳು ಮೇಲೆ ಬೀಳುತ್ತಾರೆ.)

ಬಸ್ಸಿಗೆ ಹೊರಡುವ ಮೊದಲು ಜಯಶ್ರೀ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಳು.

"ಅತ್ಯಾರ, ಇದರಾಗ ಇಬ್ಬರ ಹೆಸರ ಹಾಕಾಕ ಬರತೈತ್ರಿ. ನಂದೊಂದು, ನಿಮ್ಮದೊಂದು. ನಿಮ್ಮದು ಯಾವುದ ಹಾಕ್ಲಿ?"

ಅವಳ ಕಿವಿಯಲ್ಲಿ ಹೇಳಿದೆ.

ಮರುದಿನ ಬೆಳಿಗ್ಗೆ ನಮ್ಮವರು ಎಂದಿನಂತೆ ಬಾಗಿಲು ತೆರೆದು, ಕಸ ಗುಡಿಸಿ, ಲ್ಯಾಪ್‌ಟಾಪ್ ಚಾಲೂ ಮಾಡಿದರು. ಪರದೆಯ ಮೇಲೆ ಎರಡು ಹೆಸರು ಬಂದವು. ಕನ್ನಡಕ ಏರಿಸಿಕೊಂಡು ಓದಿದರು.

"ಇಲ್ನೋಡು, ಸುಮನ್ ಹೋದಳು. ಒಬ್ಬಾಕಿ ನಮ್ಮ ಜಯಶ್ರೀ, ಗೊತ್ತಾತು. ಈಕಿ ಯಾರ ಬಂದಾಳ, ಕಸ್ತೂರಿ?"

ಮದುವೆಯ ದಿನ ಉಂಗುರದಿಂದ ನನ್ನ ಹೊಸ ಹೆಸರು ಬರೆದ ಕೈ ಇದೇ. ಈಗ ನೀವೇ ಹೇಳಿ, ಇಷ್ಟು ವರ್ಷದ ಮೇಲೆ ಇವರಿಗೆ ಆಕೆಯ ಪರಿಚಯ ಮಾಡಿಸಿಕೊಡಲೋ, ಸುಮನ್ ಹಾಗೆ ಈಕೆಯನ್ನೂ ನಾಲ್ಕು ದಿನ ಬಾಯ್ತುಂಬ ಹೆಸರು ಹಿಡಿದು ಕರೆಯಲಿ ಎಂದು ಸುಮ್ಮನಿರಲೋ?