ಬೆನ್ನಿನ ಬ್ಯಾಗಿನಲ್ಲಿ ಊರವರ ಹರಕೆ

ಮಸೀದಿಯ ಬಾಂಗ್ ಮುಗಿಯುವ ಹೊತ್ತಿಗೆ ಚಹಾ ಕುದಿಯುತ್ತಿತ್ತು. ಗಂಡನ ಆಫೀಸು ಜುಮೇರಾ ಲೇಕ್ ಟವರ್ಸ್‌ನಲ್ಲಿ. ಬರ್ ದುಬೈಯಿಂದ ಮೆಟ್ರೋ ಹಿಡಿಯಬೇಕು. ಡಬ್ಬಿಗೆ ನೀರುದೋಸೆ ಮಡಚಿಟ್ಟೆ, ಚಟ್ನಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಮತ್ತೊಮ್ಮೆ ತಿರುಗಿಸಿ ನೋಡಿದೆ, ಮಾತ್ರೆಯನ್ನು ಲೋಟದ ಪಕ್ಕ ಇಟ್ಟೆ. ಅವರು ಹೊರಟ ಮೇಲೆ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಮೆಟ್ಟಿಲ ಕಡೆ ನಡೆದೆ. ಇಲ್ಲಿ ಗುಡ್ಡವಿಲ್ಲ, ಆಗಸ್ಟಿನಲ್ಲಿ ಹೊರಗೆ ನಡೆಯುವ ಹಾಗೂ ಇಲ್ಲ. ಹೀಗಾಗಿ ಸ್ಪೇನಿನ ದಾರಿಗೆ ನನ್ನ ಅಭ್ಯಾಸವೆಲ್ಲ ನಮ್ಮ ಕಟ್ಟಡದ ಮೆಟ್ಟಿಲ ಮೇಲೆಯೇ.

ಕಳೆದ ವರ್ಷ ಗಂಡನಿಗೆ ಹೃದಯದ ಆಪರೇಷನ್ ಆದಾಗ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಹರಕೆ ಹೇಳಿಕೊಂಡಿದ್ದೆ: ಇವರು ಎದ್ದು ಮನೆಗೆ ಬಂದರೆ ಸ್ಪೇನಿನಲ್ಲಿರುವ ಸಂತ ಯಾಕೋಬರ ಸಮಾಧಿಯವರೆಗೆ ನಡೆದೇ ಹೋಗುತ್ತೇನೆ, ಬೆನ್ನಿನ ಹೊರೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಶತಮಾನಗಳಿಂದ ಜನ ವಾರಗಟ್ಟಲೆ ನಡೆಯುವ ದಾರಿ ಅದು. ನನ್ನ ಪಾಲಿಗೆ ಅದರ ಕೊನೆಯ ತುಂಡು ಮಾತ್ರ. ಅಷ್ಟಕ್ಕೇ ಮೊಣಕಾಲು ಮುನಿಸಿಕೊಂಡಿತ್ತು. ಬ್ಯಾಗಿನ ತೂಕ ಇಳಿಸದಿದ್ದರೆ ಹೋಗಲೇಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು.

ಇಳಿಸುವುದು ಹೇಗೆ? ಗಲ್ಫಿನಲ್ಲಿ ಯಾರೇ ವಿಮಾನ ಹತ್ತಿದರೂ ಅವರ ಬ್ಯಾಗಿನಲ್ಲಿ ಇನ್ನೊಬ್ಬರ ಪಾರ್ಸೆಲ್ ಇದ್ದೇ ಇರುತ್ತದೆ. ಇಷ್ಟು ವರ್ಷ ನಾನೂ ಹಾಗೆಯೇ ಕಳಿಸಿದ್ದೇನೆ, ಬೇರೆಯವರದ್ದನ್ನು ಹೊತ್ತಿದ್ದೇನೆ. ಇಗರ್ಜಿಯಲ್ಲಿ ಸುದ್ದಿ ಹಬ್ಬಿದ್ದೇ ತಡ, ಜಪಸರದ ಪ್ರಾರ್ಥನೆ ಮುಗಿಸಿ ಒಬ್ಬೊಬ್ಬರೇ ಬಂದರು. “ಹೇಗೂ ಹೋಗ್ತಾ ಇದ್ದಿಯಲ್ಲ, ಒಂದು ಸಣ್ಣ ಮೇಣದ ಬತ್ತಿ ಮಾರಾಯ್ತಿ,” ಎಂದವಳ ಬತ್ತಿ ನನ್ನ ಮುಂಗೈಯಷ್ಟು ದಪ್ಪ. ಮಕ್ಕಳಿಲ್ಲದ ಇನ್ನೊಬ್ಬಳು ಉಣ್ಣೆಯ ಪುಟ್ಟ ಕಾಲುಚೀಲ ಕೊಟ್ಟಳು. ಮತ್ತೊಬ್ಬಳು ಊರಿನ ಅಂಗಳದಿಂದ ತಂದ ಕಲ್ಲನ್ನೇ ಕೊಟ್ಟಳು. ಯಾತ್ರಿಕರು ಮನೆಯ ಕಲ್ಲನ್ನು ಒಂದು ಶಿಲುಬೆಯ ಬುಡದಲ್ಲಿ ಇಟ್ಟು ಬರುತ್ತಾರಂತೆ. ಆ ಶಿಲುಬೆ ನಾನು ನಡೆಯುವ ತುಂಡಿನಲ್ಲಿ ಇಲ್ಲವೇ ಇಲ್ಲ. ಅವಳ ಮುಖ ನೋಡಿ ಹಾಗೆನ್ನಲು ಬಾಯಿ ಬರಲಿಲ್ಲ.

ಆ ಬೆಳಗ್ಗೆ ಮೂರನೇ ಮಾಳಿಗೆ ದಾಟುವಾಗ ಮೊಣಕಾಲು ಚಳಕ್ ಎಂದಿತು. ಯಾರೋ ಮೆಟ್ಟಿಲ ಬಳಿ ಬಿಟ್ಟಿದ್ದ ಮಗುವಿನ ಮುರಿದ ಸ್ಟ್ರಾಲರ್ ಪಕ್ಕದಲ್ಲೇ ಕೂತುಬಿಟ್ಟೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಒಬ್ಬರು ನೋವಾದಾಗಲೆಲ್ಲ ದೇವರಿಗೆ ಒಪ್ಪಿಸಿಬಿಡು ಎನ್ನುತ್ತಿದ್ದರು. ಒಪ್ಪಿಸಿದೆ. ಕಾಲು ಮಾತ್ರ ಏಳಲಿಲ್ಲ. ಬೆವರು ಕುತ್ತಿಗೆಯಿಂದ ಬ್ಯಾಗಿನ ಪಟ್ಟಿಗೆ ಇಳಿಯುತ್ತಿತ್ತು. ಹೋಗದಿದ್ದರೆ ಮಾತು ತಪ್ಪುತ್ತದೆ, ಹೋದರೆ ನಡುದಾರಿಯಲ್ಲಿ ಕೂರುತ್ತೇನೆ. ಅಳುವುದಕ್ಕೂ ಬೇಸರವಾಯಿತು.

ಸಂಜೆ ಗಂಡ ಬಂದವರೇ, “ಅಲ್ಲಿ ವ್ಯಾನ್ ಉಂಟಂತೆ, ಬ್ಯಾಗನ್ನು ಮುಂದಿನ ಊರಿಗೆ ಮುಟ್ಟಿಸ್ತಾರೆ. ಕೊಟ್ಟರೆ ಖಲಾಸ್,” ಎಂದರು.

“ನಾನೇ ಹೊರ್ತೇನೆ ಅಂತ ಹೇಳಿದ್ದಲ್ಲವಾ?”

“ಹೇಳಿದ್ದು ನನಗೋಸ್ಕರ. ನಾನೇ ಬೇಡ ಅಂತಿದ್ದೇನೆ.”

“ನಿಮಗೆ ಹೇಳಿದ್ದಲ್ಲವಲ್ಲ.”

ಅವರು ಟೀವಿ ಹಾಕಿದರು.

ಅಷ್ಟರಲ್ಲಿ ಎದುರು ಮನೆಯ ಬ್ಯಾರಿ ಹೆಂಗಸು ಬಟ್ಟಲು ಹಿಂತಿರುಗಿಸಲು ಬಂದಳು. ಖಾಲಿ ಕೊಡಬಾರದೆಂದು ಅದರಲ್ಲಿ ನಾಲ್ಕು ಖರ್ಜೂರ ಹಾಕಿದ್ದಳು. ಬಾಗಿಲ ಬಳಿಯಿದ್ದ ಬ್ಯಾಗನ್ನು ಸರಿಸಲು ಹೋಗಿ, “ಯಾ ಅಲ್ಲಾ! ಬಾಯಮ್ಮ, ಇದರಲ್ಲಿ ಫ್ರಿಜ್ ಇಟ್ಟಿದ್ದೀರಾ?” ಎಂದಳು.

ಜಿಪ್ ತೆಗೆದು ತೋರಿಸಿದೆ. ಬತ್ತಿ, ಕಾಲುಚೀಲ, ಕಲ್ಲು. ಯಾವುದು ಯಾರದ್ದು, ಯಾಕೆ ಎಂದು ಒಂದೊಂದಾಗಿ ಹೇಳಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವಳು ಕಲ್ಲನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ, ಮೆಲ್ಲಗೆ ನನ್ನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟಳು.

“ನಾವು ಮಕ್ಕಾಕ್ಕೆ ಉಮ್ರಾ ಹೋಗುವಾಗ ಜನ ಬರೀ ದುವಾ ಮಾಡಿ ಅಂತ ಹೇಳಿ ಕಳಿಸ್ತಾರೆ, ಸಾಮಾನು ಯಾರೂ ಕೊಡುದಿಲ್ಲ,” ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡಳು. “ನನ್ನ ಮಗಳ ಎಕ್ಸಾಮಿಗೂ ಒಂದು ಪ್ರಾರ್ಥನೆ ಹೇಳಿ ಬಾಯಮ್ಮ. ಅದಕ್ಕೆ ತೂಕ ಇಲ್ಲವಲ್ಲ. ಮತ್ತೆ, ಬರುವಾಗ ಜಾಗ ಇದ್ರೆ ಚಾಕ್ಲೇಟ್ ತನ್ನಿ, ಇಲ್ಲದಿದ್ರೆ ಬೇಡ.”