ಸೂಜಿಯಕ್ಕನ ಎರಡನೇ ಬೈಕು

ಹೊಸದಾಗಿ ಬೈಕು ಕಲಿತವರು ಹೆಚ್ಚಾಗಿ ಬೀಳುವುದು ಗಾಡಿ ನಿಲ್ಲಿಸುವಾಗ. ಇದು ಬೈಕು ಮಾರುವವರಿಗೆ ಗೊತ್ತು, ರಿಪೇರಿ ಮಾಡುವವರಿಗೆ ಗೊತ್ತು, ಮುರಿದ ಕ್ಲಚ್ ಹಿಡಿಯನ್ನು ಗುಟ್ಟಾಗಿ ಬದಲಾಯಿಸಿಕೊಂಡು ಏನೂ ಆಗಿಲ್ಲವೆಂಬಂತೆ ಮನೆಗೆ ಹೋದ ನಿಮಗೂ ಗೊತ್ತು. ಆದರೂ ಶೋರೂಮಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಓಡಿಸಿ ನೋಡಿ." ನಿಲ್ಲಿಸಿ ನೋಡಿ ಎನ್ನುವವನು ಇನ್ನೂ ಹುಟ್ಟಿಲ್ಲ.

ಸೂಜಿಯಕ್ಕನಿಗೆ ನಲವತ್ತೊಂದು ವರ್ಷ. ಬೈಕು ಹಿಡಿದು ಹದಿನಾಲ್ಕು ತಿಂಗಳು. ಮನೆಮನೆಗೆ ಹೋಗಿ ರೋಗಿಗಳ ರಕ್ತ ತೆಗೆದು ಲ್ಯಾಬಿಗೆ ತಂದೊಪ್ಪಿಸುವುದು ಅವಳ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ; ಈಗ ಗಂಡನ ಬಾಯಲ್ಲೂ ಒಮ್ಮೊಮ್ಮೆ ಅದೇ ಬರುತ್ತದೆ. ಹತ್ತು ವರ್ಷ ಐಸ್ ತುಂಬಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗಿದಳು. ಬೆಳಗಿನ ಬಸ್ಸು ನಿಂತುಹೋದಾಗ ಅಣ್ಣನ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸಣ್ಣ ಬೈಕನ್ನು ಕೇಳಿ ತಂದು, ಗೋದಾಮಿನ ಹಿಂದಿನ ಬಯಲಿನಲ್ಲಿ ಆರು ಭಾನುವಾರ ಬಿದ್ದು, ಏಳನೆಯ ಭಾನುವಾರ ಬೀಳದೆ ಮನೆಗೆ ಬಂದಳು.

ಆ ಬೈಕು ಈಗ ಕೈ ಎತ್ತಿತ್ತು. ಊರಿನ ಮೇಲಿನ ಬಡಾವಣೆಗೆ ಹೋಗುವ ಏರಿನಲ್ಲಿ ಮೊದಲನೇ ಗೇರಿನಲ್ಲೂ ಕೆಮ್ಮುತ್ತಿತ್ತು. ಎಂಜಿನ್ ಬಿಚ್ಚಿ ನೋಡಿದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೇಳಿದ: "ಅಕ್ಕಾ, ಎಣ್ಣೆ ಹಾಕಿ ಹಾಕಿ ನನಗೆ ಸಾಕಾಯ್ತು. ಇನ್ನು ಇದಕ್ಕೆ ನೀವೇ ಎರಡು ಬಾಟ್ಲಿ ರಕ್ತ ಕೊಡ್ಬೇಕು ಅಷ್ಟೆ."

ಇದನ್ನು ಹೇಳಿದರೆ ಲ್ಯಾಬಿನ ಮೇಲ್ವಿಚಾರಕಿ ನಗಲಿಲ್ಲ. ಆಕೆಗೆ ಮಧ್ಯದಾರಿಯಲ್ಲಿ ಕೆಟ್ಟು ನಿಂತ ಗಾಡಿ ಎಂದರೆ ಹಾಳಾದ ಸ್ಯಾಂಪಲ್ಲು. "ಒಂದನೇ ತಾರೀಕಿನೊಳಗೆ ಗಟ್ಟಿ ಗಾಡಿ ತಗೊಂಡ್ರೆ ಮೇಲಿನ ಬಡಾವಣೆ ನಿಮ್ದೇ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ. ನೀವು ಕೌಂಟರಿನಲ್ಲಿ ಕೂತ್ಕೊಳ್ಳಿ, ಫ್ಯಾನ್ ಕೆಳಗೆ, ಆರಾಮಾಗಿ."

ಆರಾಮು ಯಾರಿಗೆ ಬೇಕಿತ್ತು? ಮೇಲಿನ ಬಡಾವಣೆಯಲ್ಲಿ ಇಪ್ಪತ್ತಾರು ಮನೆ. ಅದರಲ್ಲಿ ಒಂಬತ್ತು ಮಂದಿ ಹಾಸಿಗೆ ಬಿಟ್ಟು ಏಳಲಾರದವರು. ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದರು. ಸೂಜಿ ಕಂಡರೆ ಅವರ ನರಗಳು ಅಡಗಿ ಕೂರುತ್ತಿದ್ದವು. ಮೊದಲು ಬರುತ್ತಿದ್ದವನು ನಾಲ್ಕು ಕಡೆ ಚುಚ್ಚಿ ತೋಳನ್ನು ನೇರಳೆ ಮಾಡಿ ಹೋಗಿದ್ದ. ಸೂಜಿಯಕ್ಕ ಅವರ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಬೆಚ್ಚಗಾಗುವವರೆಗೆ ಸುಮ್ಮನೆ ಕೂರುತ್ತಾಳೆ, ಆಮೇಲೆ ಒಂದೇ ಚುಚ್ಚು. "ನೀನು ಬರದಿದ್ರೆ ನಾನು ಪರೀಕ್ಷೆನೇ ಮಾಡಿಸಲ್ಲ ಕಣಮ್ಮ" ಎಂದು ಮೇಷ್ಟ್ರು ಹೇಳಿದ್ದರು. ಅದು ಬರೀ ಬಾಯಿಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ನಡುವೆ ಅವಳು ಜ್ವರವೆಂದು ಮಲಗಿದ ವಾರ ಅವರು ಬಾಗಿಲನ್ನೇ ತೆಗೆದಿರಲಿಲ್ಲ.

ಹೀಗಾಗಿ ಬೈಕು ನೋಡಲು ಹೊರಟರು, ಮೂವರು. ಸೂಜಿಯಕ್ಕ, ಸೋಫಾ-ಕುರ್ಚಿಗಳ ಸೀಟು ಹೊಲಿಯುವ ಅವಳ ಗಂಡ ಮತ್ತು ಮೈದುನ. ಈ ಮೈದುನ ಬೈಕಿನ ವಿಷಯದಲ್ಲಿ ಕರೆಯದಿದ್ದರೂ ಬಂದು ಕೂರುವ ಪಂಡಿತ. ಗಂಡನಿಗೋ ಸೈಕಲ್ ಬಿಟ್ಟರೆ ಬೇರೆ ಗಾಡಿಯೇ ಬರುತ್ತಿರಲಿಲ್ಲ.

ಶೋರೂಮಿನ ಸೇಲ್ಸಿನವನು ಬಾಗಿಲಲ್ಲೇ ಗಂಡನ ಕೈ ಕುಲುಕಿದ. "ಸರ್, ಯಾವ ರೇಂಜು ನೋಡ್ತಿದ್ದೀರಿ?"

"ನನಗೆ" ಎಂದಳು ಸೂಜಿಯಕ್ಕ.

"ಓ, ಮೇಡಂಗಾ! ಸ್ಕೂಟರ್ ಆ ಕಡೆ ಇದೆ ಸರ್."

ಅವಳಿಗೆ ಸ್ಕೂಟರಿನ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಆ ಏರಿನ ರಸ್ತೆಯಲ್ಲಿ ಸ್ಕೂಟರಿನ ಸಣ್ಣ ಚಕ್ರ ಹೂತುಹೋಗುವಂಥ ಗುಂಡಿಗಳಿದ್ದವು. ಅದನ್ನು ಹೇಳಿದಳು. ಸೇಲ್ಸಿನವನು ಕೇಳಿಸಿಕೊಂಡು, ಉತ್ತರವನ್ನು ಮತ್ತೆ ಗಂಡನಿಗೇ ಕೊಟ್ಟ. ಮೈಲೇಜು, ಸಿಸಿ, ಟಾರ್ಕು ಎಂದು ಅವನು ಹೇಳುತ್ತ ಹೋದಂತೆ, ಒಂದಕ್ಷರ ಅರ್ಥವಾಗದ ಆ ಸಾಧು ಮನುಷ್ಯ ಮುಜುಗರಕ್ಕೆ ಬಿದ್ದು ತಲೆಯಾಡಿಸುತ್ತ ನಿಂತ. ಆ ತಲೆಯಾಟದಲ್ಲೇ ಅರ್ಧ ವ್ಯಾಪಾರ ಮುಗಿದಿತ್ತು.

ಇನ್ನರ್ಧವನ್ನು ಮೈದುನ ಮುಗಿಸಿದ. ಮೆಟ್ಟಿಲ ಮೇಲೆ ಎದೆಯುಬ್ಬಿಸಿಕೊಂಡು ನಿಂತಿದ್ದ ಎತ್ತರದ ಬೈಕನ್ನು ತೋರಿಸಿ, "ಅತ್ತಿಗೆ, ಗುಂಡಿ ಅಂದ್ರಲ್ಲ? ಇದಕ್ಕೆ ಗುಂಡಿ ಇದೆ ಅನ್ನೋದೇ ಗೊತ್ತಾಗಲ್ಲ. ತಗೊಂಡ್ರೆ ಇದನ್ನೇ ತಗೋಬೇಕು" ಎಂದ.

ಸೂಜಿಯಕ್ಕ ಹತ್ತಲು ಹೋದಳು. ಹಿಂದಿನ ಸೀಟಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ತಿರುಗುವವರು ಬೈಕು ಹತ್ತುವ ರೀತಿಯೇ ಬೇರೆ. ಕಾಲನ್ನು ಹಿಂದಿನಿಂದ ಬೀಸಿದರೆ ಪೆಟ್ಟಿಗೆಗೆ ಒದೆತ. ಅದಕ್ಕೆ ಅವರು ಮೊಣಕಾಲು ಮಡಚಿ ಟ್ಯಾಂಕಿಗೂ ಸೀಟಿಗೂ ನಡುವೆ ತೂರಿಸುತ್ತಾರೆ. ಅವಳೂ ಹಾಗೇ ಮಡಚಿದಳು; ಎತ್ತರದ ಸೀಟಿಗೆ ಮೊಣಕಾಲು ಏಟು ತಿಂದಿತು.

"ಮೇಡಂ, ಅದು ಸೈಕಲ್ ಅಲ್ಲ," ಸೇಲ್ಸಿನವನು ನಕ್ಕ. "ಹಿಂದಿನಿಂದ ಕಾಲು ಬೀಸಿ ಹತ್ತಿ."

ಮೈದುನನೂ ನಕ್ಕ. ಅವಳು ಕೆಂಪಾಗಿ, ಎಲ್ಲರಂತೆ ಹಿಂದಿನಿಂದ ಕಾಲು ಬೀಸಿ ಹತ್ತಿದಳು. ಅವಳು ಮಾಡಿದ ತಪ್ಪು ಅದೊಂದೇ. ಹದಿನಾಲ್ಕು ತಿಂಗಳ ಓಡಾಟ ಕಲಿಸಿದ್ದನ್ನು ಒಂದು ನಗೆಗೆ ಹೆದರಿ ಬಿಟ್ಟುಕೊಟ್ಟಳು. ಪೆಟ್ಟಿಗೆಯಿಲ್ಲದ ಬೈಕು, ಹಾಸಿದ ಚಾಪೆಯಂಥ ರಸ್ತೆ. ಗಾಡಿ ಗಾಳಿಯ ಹಾಗೆ ಹೋಯಿತು. ವಾಪಸು ಬಂದಾಗ ಅವಳ ಮುಖವೂ ಅರಳಿತ್ತು. ಶನಿವಾರ ಬಂದು ಬುಕ್ ಮಾಡುತ್ತೇವೆ ಎಂದು ಮೈದುನ ಮಾತು ಕೊಟ್ಟೂಬಿಟ್ಟ.

ಗುರುವಾರ ಮೇಷ್ಟ್ರ ಮನೆಯ ಕೆಳಗಿನ ತಿರುವಿನಲ್ಲಿ ಒಂದು ಲಾರಿ ಹಿಂದಕ್ಕೆ ಬಂತು. ಸೂಜಿಯಕ್ಕ ಅಣ್ಣನ ಮುದಿ ಬೈಕನ್ನು ಏರಿನಲ್ಲೇ ನಿಲ್ಲಿಸಬೇಕಾಯಿತು. ಏರಿನಲ್ಲಿ ನಿಂತಾಗ ಬಲಗಾಲು ಬ್ರೇಕಿನ ಮೇಲಿರಬೇಕು, ಆಧಾರಕ್ಕಿರುವುದು ಎಡಗಾಲು ಒಂದೇ. ಆ ರಸ್ತೆಯೋ ಎಡಕ್ಕೆ, ಚರಂಡಿಯ ಕಡೆಗೆ, ವಾಲಿಕೊಂಡಿದೆ. ಹಿಂದಿನ ಪೆಟ್ಟಿಗೆ ಸೆರಗು ಹಿಡಿದೆಳೆದಂತೆ ಎಳೆಯಿತು. ಎಡಗಾಲಿನ ಬೆರಳುಗಳಷ್ಟೇ ನೆಲಕ್ಕೆ ತಾಗಿದವು. ಹಲ್ಲು ಕಚ್ಚಿ ತಡೆದುಕೊಂಡಳು.

ಲಾರಿ ಹೋಯಿತು. ಅವಳು ಹೋಗಲಿಲ್ಲ. ಈ ಗಿಡ್ಡ ಬೈಕಿನಲ್ಲೇ ಬೆರಳ ತುದಿ. ಆ ಎತ್ತರದ ಬೈಕಿನಲ್ಲಿ? ಹನ್ನೊಂದು ಮಂದಿ ಖಾಲಿ ಹೊಟ್ಟೆಯಲ್ಲಿ ಕೂತು ಕೊಟ್ಟ ರಕ್ತ ಆ ಹೊತ್ತಿಗೆ ಅವಳ ಬೆನ್ನ ಹಿಂದಿತ್ತು.

ಶನಿವಾರ ಅವಳು ಶೋರೂಮಿಗೆ ಪೆಟ್ಟಿಗೆಯನ್ನೂ ಹೊತ್ತು ಬಂದಳು. ಒಳಗೆ ನೀರು ತುಂಬಿದ ಬಾಟಲಿಗಳು. ಕೆಲಸದ ದಿನ ಎಷ್ಟು ತೂಗುತ್ತದೋ ಅಷ್ಟೇ ತೂಕ.

"ಇದನ್ನ ಹಿಂದೆ ಕಟ್ಟಿ. ಕಸದ ಗಾಡಿಗಳು ಹತ್ತುತ್ತವಲ್ಲ, ಆ ಸೇತುವೆ ಪಕ್ಕದ ಏರು, ಅಲ್ಲಿ ನಿಲ್ಲಿಸಿ ನೋಡ್ತೀನಿ."

"ಅತ್ತಿಗೆ, ಮಾನ ತೆಗೀಬೇಡಿ," ಮೈದುನ ಪಿಸುಗುಟ್ಟಿದ.

"ಮಾನ ನಿಂದು, ಕಾಲು ನಂದು. ಕಟ್ಟಪ್ಪ."

ಕಟ್ಟಿದರು. ಎಲ್ಲರೂ ಹಿಂದೆ ನಡೆದರು. ಈ ಸಲ ಅವಳು ಮೊಣಕಾಲು ಮಡಚಿಯೇ, ಹೆಣಗಾಡಿಕೊಂಡು ಹತ್ತಿದಳು. ಯಾರು ನಕ್ಕರು ಎಂದು ನೋಡಲಿಲ್ಲ. ಏರಿನ ನಡುವೆ ನಿಲ್ಲಿಸಿ ಎಡಗಾಲು ಚಾಚಿದಳು. ಕಾಲಿಗೆ ನೆಲ ಸಿಗಲಿಲ್ಲ. ಬೈಕು ಅವಸರವಿಲ್ಲದೆ, ದೊಡ್ಡ ಪ್ರಾಣಿಯೊಂದು ಮಲಗುವ ಹಾಗೆ ಎಡಕ್ಕೆ ಮಲಗಿತು. ಅವಳು ಹಾರಿ ಪಕ್ಕಕ್ಕೆ ನಿಂತಳು. ಇಂಡಿಕೇಟರ್ ಮುರಿಯಿತು, ಬಾಟಲಿಗಳು ಇಳಿಜಾರಿನಲ್ಲಿ ಉರುಳಿದವು.

ಸೇಲ್ಸಿನವನು ಓಡಿಬಂದು ಗಾಡಿಯನ್ನು ಎತ್ತುತ್ತ ಗಂಡನನ್ನೇ ನೋಡಿದ. "ನಾನು ಅವತ್ತೇ ಹೇಳಿದ್ದೆ ಸರ್. ಮೇಡಂ ಹೈಟಿಗೆ ಬೈಕ್ ಆಗಲ್ಲ. ಸ್ಕೂಟರೇ ಬರೆದುಕೊಳ್ಳಲಾ ಸರ್?"

ಸೋಫಾ ಹೊಲಿಯುವವನು ಉರುಳಿಹೋದ ಬಾಟಲಿಗಳನ್ನು ಹೆಕ್ಕಿಕೊಂಡು ಬರುತ್ತಿದ್ದ. ನಿಂತ. ಮೂವತ್ತು ವರ್ಷದಿಂದ ಗಿರಾಕಿಯನ್ನು ಕೂರಿಸಿ, ಪಾದ ನೆಲಕ್ಕೆ ತಾಗುತ್ತದೋ ಇಲ್ಲವೋ ನೋಡಿಯೇ ಕುರ್ಚಿಗೆ ಸ್ಪಂಜ್ ಕತ್ತರಿಸಿದವನು ಅವನು. ತಾಗದಿದ್ದರೆ ಸ್ಪಂಜ್ ಕತ್ತರಿಸುತ್ತಾನೆಯೇ ಹೊರತು ಗಿರಾಕಿಯ ಕಾಲಿಗೆ ಹೆಸರಿಡುವುದಿಲ್ಲ. ಅಷ್ಟು ತಿಳಿದವನು ಹೆಂಡತಿಯ ಸರದಿ ಬಂದಾಗ ತಲೆಯಾಡಿಸಿದ್ದ. ಅವನ ಮುಖ ಸಣ್ಣದಾಯಿತು.

"ನನ್ನನ್ಯಾಕ್ರೀ ನೋಡ್ತೀರಿ? ನನಗೆ ಬೈಕ್ ಓಡಿಸೋಕೇ ಬರಲ್ಲ" ಎಂದ. "ಅವತ್ತು ನೀವು ಹೇಳಿದ್ದು ಒಂದೂ ನನಗೆ ಅರ್ಥ ಆಗಿರಲಿಲ್ಲ. ಅವಳ ಹೈಟಿಗೆ ಏನೂ ಆಗಿಲ್ಲ, ನಿಮ್ಮ ಸೀಟು ಎತ್ತರ. ಏನು ಬೇಕು ಅಂತ ಅವಳನ್ನ ಕೇಳಿ."

ಸೇಲ್ಸಿನವನು ಮೊದಲ ಸಲ ಕೇಳಲೆಂದು ಅವಳ ಕಡೆ ತಿರುಗಿದ. "ಹೇಳಿ ಮೇಡಂ."

"ಮುರಿದಿದ್ದನ್ನ ನಾನು ಹಾಕಿಸಿಕೊಡ್ತೀನಿ" ಎಂದಳು ಅವಳು. "ಆ ಗೋಡೆ ಪಕ್ಕ ಬಟ್ಟೆ ಮುಚ್ಚಿಟ್ಟಿದ್ದೀರಲ್ಲ, ತಗ್ಗು ಸೀಟಿಂದು, ಅದನ್ನ ತೆಗೀರಿ."

"ಅದು ರಿಟೈರಾದವರು ತಗೊಳ್ಳೋದು ಅತ್ತಿಗೆ!" ಮೈದುನ ಅಳುವುದೊಂದು ಬಾಕಿ. "ತೂಕ ಬೇರೆ ಜಾಸ್ತಿ."

"ತೂಕ ನೆಲದ ಹತ್ತಿರ ಇದ್ರೆ ನಾನು ಹಿಡೀತೀನಿ. ತಲೆ ಮೇಲೆ ಕೂತ್ರೆ ಹಿಡಿಯೋಕಾಗಲ್ಲ. ನಿನ್ನ ಹಾಗೆ."

ಬಣ್ಣ ಮಂಕು, ಹಿಂದಿನ ವರ್ಷದ ಗಾಡಿ. ಪೆಟ್ಟಿಗೆ ಕಟ್ಟಿಸಿಕೊಂಡು ಅದೇ ಏರಿನಲ್ಲಿ ನಿಲ್ಲಿಸಿದಳು. ಎಡಪಾದ ಹಿಮ್ಮಡಿಯವರೆಗೆ ನೆಲಕ್ಕೆ ಕೂತಿತು. ಹೊರಟಳು, ಮತ್ತೆ ನಿಲ್ಲಿಸಿದಳು. ರಸ್ತೆ ಹೆಚ್ಚು ವಾಲಿದ್ದ ಕಡೆ ಬೇಕೆಂದೇ ಇನ್ನೊಮ್ಮೆ ನಿಲ್ಲಿಸಿ, ಹಿಂದೆ ತಿರುಗಿ ಪೆಟ್ಟಿಗೆ ನೋಡಿದಳು. ಹದಿನೈದು ನಿಮಿಷ ಆ ಮೂರು ಗಂಡಸರು ಬಿಸಿಲಿನಲ್ಲಿ ನಿಂತು ಒಬ್ಬ ಹೆಂಗಸು ಬೈಕು ನಿಲ್ಲಿಸುವುದನ್ನು ನೋಡಿದರು.

ಒಂದನೇ ತಾರೀಕು ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ಗೇಟಿನ ಮುಂದೆ ಬೈಕು ನಿಂತಿತು. ಅವರು ಕಿಟಕಿಯಿಂದ ಇಣುಕಿ, "ಹೊಸದಾ? ಚೆನ್ನಾಗಿಲ್ಲ ಕಣಮ್ಮ ನೋಡೋಕೆ" ಎಂದರು. "ಕೈ ಕೊಡಿ" ಎಂದಳು ಅವಳು. ಒಂದೇ ಚುಚ್ಚು.

ಇದರಲ್ಲಿ ಸೇಲ್ಸಿನವನನ್ನು ಬೈದರೆ ನಮ್ಮ ಕೈ ತೊಳೆದಂತಾಗುವುದಿಲ್ಲ. ಅವನು ದಿನವಿಡೀ ನೋಡುವುದೇ ನಮ್ಮನ್ನು. ಹೆಂಗಸು ಕೇಳಿದ ಪ್ರಶ್ನೆಗೆ ನಾವು ತಲೆಯಾಡಿಸುತ್ತೇವೆ, ಅವಳ ಕೆಲಸ ನಮಗೆ ಗೊತ್ತಿರುವಂತೆ ನಗುತ್ತೇವೆ, ಅವಳು ಬಿದ್ದರೆ ಅವಳ ಕಾಲಿನ ಉದ್ದ ಅಳೆಯುತ್ತೇವೆ. ಸೂಜಿಯಕ್ಕ ಪೆಟ್ಟಿಗೆ ಹೊತ್ತು ತರುವಷ್ಟು ಗಟ್ಟಿಗಿತ್ತಿ. ಎಲ್ಲರೂ ತರುವುದಿಲ್ಲ. ಎಷ್ಟೋ ಮಂದಿ ಮೊದಲ ನಗೆಗೇ ಕೆಲಸ ಬಿಟ್ಟು ಫ್ಯಾನಿನ ಕೆಳಗೆ ಹೋಗಿ ಕೂತಿದ್ದಾರೆ.

ನಿಮ್ಮ ಹೆಂಡತಿಯೋ ಅಕ್ಕನೋ ಅತ್ತಿಗೆಯೋ ಗಾಡಿ ಕೊಳ್ಳಲು ಹೊರಟರೆ ಜೊತೆಗೆ ಹೋಗಿ, ಬೇಡವೆನ್ನುವುದಿಲ್ಲ. ಸೇಲ್ಸಿನವನು ನಿಮ್ಮ ಕಡೆ ತಿರುಗಿದ ಕೂಡಲೇ ಅವನ ಹೆಗಲು ಹಿಡಿದು ಅವಳ ಕಡೆ ತಿರುಗಿಸಿ. ಆಮೇಲೆ ಅವಳಾಗಿ ಕೇಳುವವರೆಗೆ ಬಾಯಿ ಮುಚ್ಚಿಕೊಂಡು ನಿಂತಿರಿ.